ಅಳು ಬರುವ ಪುಟವನ್ನು ಅಳದೆ ಓದಿದ್ದು

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ಜಾಸ್ತಿ ಓಡಾಡಿದ್ದು ದಾವಣಗೆರೆ–ಚಿತ್ರದುರ್ಗದ ನಡುವೆ. ಆನಗೋಡು, ಭರಮಸಾಗರ ಅಂತ ಕೂಗಿ ಕೂಗಿ ಗಂಟಲು ಗಟ್ಟಿಯಾಗಿತ್ತು. ನೈಟ್ ಹಾಲ್ಟ್ ಬಿದ್ದ ಊರಲ್ಲಿ ಬಸ್ಸಿನ ದೀಪ ಹಾಕಿಕೊಂಡು ಕಾದಂಬರಿ ಓದುವ ಚಟ ಇತ್ತು. ಓದುತ್ತಾ ಅಳುವುದೂ ಇತ್ತು. ಡ್ರೈವರ್ ಗೊರಕೆ ಶುರು ಮಾಡಿದ ಮೇಲೆ ಅಳುತ್ತಿದ್ದೆ, ಅಷ್ಟೇ.

ರಿಟೈರ್ ಆಗುವ ವರ್ಷ ಒಬ್ಬ ಹುಡುಗ ದಿನಾ ಭರಮಸಾಗರದಲ್ಲಿ ಹತ್ತುತ್ತಿದ್ದ. ಕಣ್ಣು ಕಾಣುವುದಿಲ್ಲ. ದುರ್ಗದಲ್ಲಿ ಬಿ.ಎ. ಓದುತ್ತಿದ್ದ. ಒಂದು ದಿನ, "ಸರ್, ನೀವು ಸ್ಟಾಪ್ ಹೆಸರು ನುಂಗೋದಿಲ್ಲ. ನನಗೆ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡ್ತೀರಾ?" ಅಂದ. ಈಗ ಫೋನೇ ಓದಿ ಹೇಳುತ್ತದಲ್ಲ ಮಾರಾಯ, ಅಂದೆ. "ಓದುತ್ತೆ ಸರ್. ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಕೊಟ್ಟರೆ ಒತ್ತಕ್ಷರ ಎಲ್ಲಾ ಕಲಸಿ ಹಾಕಿಬಿಡುತ್ತೆ" ಅಂದ.

ನನಗೆ ಮೊದಲು ಹೊಳೆದದ್ದು ಟಿಕೆಟ್ ಚೆಕಿಂಗ್‌ನವರ ತರದ ಭಯ. ಬೇರೆಯವರ ಪುಸ್ತಕ ರೆಕಾರ್ಡ್ ಮಾಡಿದರೆ ಕೇಸ್ ಆಗಲ್ವಾ? ವಿಚಾರಿಸಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ತಂದು, ಕಣ್ಣು ಕಾಣದವರಿಗೋಸ್ಕರ ದುಡ್ಡಿನ ಆಸೆ ಇಲ್ಲದೆ ಹೀಗೆ ಮಾಡಿಕೊಡಬಹುದು ಅಂತ ಬರೆದಿದ್ದಾರೆ. ಇದೇ ವಿಷಯದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ ನಮ್ಮದೇ. ಆದರೆ ಅದು ಅಂಥವರ ಕೈಗೆ ಮಾತ್ರ ಹೋಗಬೇಕು. ಯೂಟ್ಯೂಬಿಗೆ ಹಾಕಿ ಮೆರೆಯುವ ಹಾಗಿಲ್ಲ. ಸರಿ, ಮೆರೆಯುವ ವಯಸ್ಸೂ ಮುಗಿದಿತ್ತು.

ಮನೆ ಇರುವುದು ದಾವಣಗೆರೆಯ ಹಳೇಪೇಟೆ ಕಡೆ. ಹಗಲು ಹೊತ್ತು ಅಲ್ಲಿ ರೆಕಾರ್ಡ್ ಮಾಡುವುದು ಕನಸಿನ ಮಾತು. ಆಟೋ, ತರಕಾರಿ ಗಾಡಿಯ ಮೈಕು, ರೈಲಿನ ಕೂಗು. ಬೆಳಗಿನ ಜಾವ ನಾಲ್ಕರಿಂದ ಐದೂವರೆ ಮಾತ್ರ ನನ್ನದು. ಚಳ್ಳಕೆರೆ ಕಡೆಯ ಎರಡು ಕರಿ ಕಂಬಳಿ ಮನೆಯಲ್ಲಿದ್ದವು. ಒಂದನ್ನು ಕಿಟಕಿಗೆ, ಇನ್ನೊಂದನ್ನು ಎದುರಿನ ಗೋಡೆಗೆ ನೇತುಹಾಕಿದೆ. ದನಿ ಗೋಡೆಗೆ ಬಡಿದು ವಾಪಸ್ ಬರುವುದು ನಿಂತಿತು. ಫ್ಯಾನ್ ಹಾಕುವ ಹಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಬನಿಯನ್ ಹಿಂಡಿದರೆ ನೀರು. ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಬೇಕು. ನೇರ ಇಟ್ಟರೆ 'ಪ', 'ಭ' ಬಂದಾಗಲೆಲ್ಲ ಗಾಳಿ ಊದಿದಂತೆ ಸದ್ದು. ತಪ್ಪು ಓದಿದರೆ ನಿಲ್ಲಿಸಬೇಡಿ, ಒಂದು ಚಪ್ಪಾಳೆ ತಟ್ಟಿ ಆ ವಾಕ್ಯ ಮತ್ತೆ ಓದಿ ಅಂತ ಪಕ್ಕದ ಮನೆ ಹುಡುಗಿ ಹೇಳಿಕೊಟ್ಟಳು. ಆಮೇಲೆ ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ, ದನಿ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್ ತೆರೆದರೆ ಚಪ್ಪಾಳೆ ಬಿದ್ದ ಜಾಗ ಮುಳ್ಳಿನ ಹಾಗೆ ಎದ್ದು ಕಾಣುತ್ತದೆ. ಕತ್ತರಿಸುವುದು ಸುಲಭ.

ಇಷ್ಟೆಲ್ಲ ಒಂದು ವಾರದಲ್ಲಿ ಕಲಿತೆ. ಕಲಿಯಲು ವರ್ಷ ಹಿಡಿದದ್ದು ಅಳುವ ವಿಷಯ.

ಹುಡುಗ ಮೊದಲು ಕೇಳಿದ್ದು ಹರಿಶ್ಚಂದ್ರ ಕಾವ್ಯದ ಭಾಗ, ಪರೀಕ್ಷೆಗೆ. ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿ ಬೆಳೆದವನು ನಾನು. ಚಂದ್ರಮತಿಯ ಗೋಳು ಅಂದರೆ ಬಿಡುತ್ತೇನೆಯೇ? ದನಿ ನಡುಗಿಸಿದೆ. ಬಿಕ್ಕಿದೆ. ಒಂದೆರಡು ಕಡೆ ನಿಜವಾಗಿಯೂ ಅಳು ಬಂತು, ಅದನ್ನೂ ಕತ್ತರಿಸದೆ ಬಿಟ್ಟೆ. ಒಳ್ಳೇದೇ ಆಯ್ತು ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ಹುಡುಗನ ಫೋನ್. "ಸರ್, ಬೇಜಾರು ಮಾಡ್ಕೋಬೇಡಿ. ನಾವು ಎರಡು ಪಟ್ಟು ಸ್ಪೀಡಲ್ಲಿ ಕೇಳ್ತೀವಿ. ನಿಮ್ಮ ಅಳು ಬಿಕ್ಕಳಿಕೆ ಬಂದಂಗೆ ಕೇಳಿಸುತ್ತೆ. ರೂಮಲ್ಲಿ ಎಲ್ಲಾ ನಕ್ಕುಬಿಟ್ಟರು."

ನನಗೆ ನಿಜಕ್ಕೂ ಬೇಜಾರಾಯಿತು. ಎರಡು ದಿನ ರೆಕಾರ್ಡಿಂಗ್ ಕಡೆ ತಲೆ ಹಾಕಲಿಲ್ಲ. ಆಮೇಲೆ ನನ್ನ ರೆಕಾರ್ಡಿಂಗನ್ನೇ ಎರಡು ಪಟ್ಟು ವೇಗದಲ್ಲಿ ಹಾಕಿ ಕೇಳಿದೆ. ಹುಡುಗರದ್ದು ತಪ್ಪಿರಲಿಲ್ಲ. ನಾನೂ ನಕ್ಕೆ. ಅಲ್ಲಿ ಚಂದ್ರಮತಿ ಇರಲೇ ಇಲ್ಲ, ಬರೀ ನಾನಿದ್ದೆ.

ಮತ್ತೆ ಕೂತು ಆ ಭಾಗ ಮನಸ್ಸಿನಲ್ಲೇ ಓದಿದೆ. ನನಗೆ ನಿಜವಾಗಿ ಕಣ್ಣು ತುಂಬಿದ್ದು ಎಲ್ಲಿ ಅಂತ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಾ ಹೋದೆ. ಆಶ್ಚರ್ಯ ಏನಂದರೆ, ಗೋಳಾಡುವ ಪದ್ಯಗಳಿಗೆ ಒಂದೂ ಗೆರೆ ಬೀಳಲಿಲ್ಲ. ಹಾವು ಕಚ್ಚಿ ಮಗ ಸತ್ತ ಸುದ್ದಿ ಬಂದರೂ ಒಡೆಯನ ಮನೆಯ ಕೆಲಸ ಮುಗಿಸಿಯೇ ಆ ತಾಯಿ ಹೊರಡಬೇಕು. ಅಲ್ಲಿ ಗೆರೆ. ಸುಡುಗಾಡಿನಲ್ಲಿ ಕಾವಲು ನಿಂತ ಗಂಡ ಮಗನ ಹೆಣ ಸುಡಲು ತೆರಿಗೆ ಕೇಳುತ್ತಾನೆ. ಅಲ್ಲಿ ಇನ್ನೊಂದು. ಎರಡೂ ಕಡೆ ಇರುವುದು ವ್ಯವಹಾರದ ಮಾತು. ಕೆಲಸ ಮುಗೀತಾ, ದುಡ್ಡು ಕೊಡು, ಇಷ್ಟೇ. ಕಂಡಕ್ಟರ್ ಮಾತಾಡಿದ ಹಾಗೆ.

ಆಗ ಗೋವಿನ ಹಾಡು ನೆನಪಾಯಿತು. ಮೂರನೇ ಕ್ಲಾಸಿನಲ್ಲಿ ಅದನ್ನು ಕೇಳಿ ಅಳದ ಮಕ್ಕಳಿದ್ದರೆ ಅವರಿಗೆ ಮಧ್ಯಾಹ್ನದ ನಿದ್ದೆ ಬಂದಿರಬೇಕು. ಪುಣ್ಯಕೋಟಿ ಸಾಯಲು ಹೊರಡುವ ಮುಂಚೆ ಉಳಿದ ಹಸುಗಳಿಗೆ ಏನು ಹೇಳುತ್ತಾಳೆ? ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ. ಊರಿಗೆ ಹೋಗುವ ತಾಯಿ ಪಕ್ಕದ ಮನೆಯವರಿಗೆ ಮಗು ಒಪ್ಪಿಸುವ ಧಾಟಿ ಅದು. ನನಗೆ ಈಗಲೂ ಗಂಟಲು ಕಟ್ಟುವುದು ಆ ಸಾಲಿಗೆ. ಕೊನೆಯಲ್ಲಿ ಹುಲಿ ಪ್ರಾಣ ಬಿಡುವುದು ಅಷ್ಟು ತಟ್ಟುವುದಿಲ್ಲ.

ಪುಟಕ್ಕೊಮ್ಮೆ ಕಣ್ಣೀರು ಹರಿಸುವ ಕಾದಂಬರಿಗಳು ನೈಟ್ ಹಾಲ್ಟಿನಲ್ಲಿ ಎಷ್ಟೋ ನನ್ನ ಕೈಗೆ ಬಂದಿವೆ. ಅವುಗಳಲ್ಲಿ ಪಾತ್ರಗಳೇ ಎಲ್ಲಾ ಅತ್ತು ಮುಗಿಸಿರುತ್ತಾರೆ. ನಮಗೆ ಉಳಿಯುವುದು ಆಕಳಿಕೆ.

ಸರಿ, ನಾಟಕ ಬಿಟ್ಟೆ. ಆದರೆ ನಿಜವಾದ ಅಳು ಬಂದರೆ? ಗಂಟಲು ಗಂಟಾಗುತ್ತದಲ್ಲ, ಅದಕ್ಕೆ ಏನು ಮಾಡುವುದು? ಗಂಟಲು ನೋವಿಗೆ ಹೋದಾಗ ಡಾಕ್ಟರನ್ನೇ ಕೇಳಿದೆ. ಅಳು ಬರುವಾಗ ಜಾಸ್ತಿ ಗಾಳಿ ಎಳೆದುಕೊಳ್ಳಲು ಧ್ವನಿಪೆಟ್ಟಿಗೆಯ ಬಾಯಿ ತೆರೆದುಕೊಳ್ಳುತ್ತದಂತೆ. ಎಂಜಲು ನುಂಗಬೇಕಾದರೆ ಅದು ಮುಚ್ಚಬೇಕು. ತೆರೆಯಲೋ ಮುಚ್ಚಲೋ ಅನ್ನುವ ಈ ಜಗ್ಗಾಟವೇ ನಮಗೆ ಗಂಟಿನ ಹಾಗೆ ಅನಿಸುವುದು. ಗೊತ್ತಾದ ಮೇಲೆ ದಾರಿ ಸಿಕ್ಕಿತು. ಗಂಟು ಬಂತು ಅನಿಸಿದರೆ ನುಂಗಲು ಹೋಗುವುದಿಲ್ಲ. ನಿಲ್ಲಿಸುತ್ತೇನೆ. ಬಾಯಿಂದ ನಿಧಾನ ಉಸಿರು ಬಿಡುತ್ತೇನೆ, ಎರಡು ಗುಟುಕು ಉಗುರು ಬೆಚ್ಚನೆ ನೀರು ಕುಡಿಯುತ್ತೇನೆ. ಇನ್ನೊಂದು ಉಪಾಯ, ಪೆನ್ಸಿಲ್ ಗೆರೆ ಬಿದ್ದ ಪುಟಗಳನ್ನು ಹಿಂದಿನ ದಿನವೇ ಹೊರಗೆ ಹೋಗಿ ಜೋರಾಗಿ ನಾಲ್ಕೈದು ಸಲ ಓದಿಬಿಡುವುದು. ಮೊದಲ ಸಲ ದನಿ ಒಡೆಯುತ್ತದೆ. ನಾಲ್ಕನೇ ಸಲಕ್ಕೆ ನಿಂತುಕೊಳ್ಳುತ್ತದೆ. ನಾನು ಕುಂದವಾಡ ಕೆರೆ ಏರಿಯ ಮೇಲೆ ಓದುತ್ತಿದ್ದೆ. ವಾಕಿಂಗ್ ಬಂದವರು ದೂರದಿಂದಲೇ ದಾರಿ ಬದಲಿಸುತ್ತಿದ್ದರು.

ಆಮೇಲೆ ಹುಡುಗ ಚಿತ್ರದುರ್ಗದ ಪತನದ ಕಾದಂಬರಿ ದುರ್ಗಾಸ್ತಮಾನ ಕೇಳಿದ. ಎದೆ ಧಸಕ್ಕೆಂದಿತು. ದಪ್ಪ ಪುಸ್ತಕ ಅನ್ನುವುದು ಒಂದು. ಅದಕ್ಕಿಂತ, ಆ ಕೋಟೆಯ ಕೆಳಗೆ ದಿನಾ ಬಸ್ಸು ನಿಲ್ಲಿಸಿದವನು ನಾನು. ಕಥೆ ಎಲ್ಲಿ ಮುಟ್ಟುತ್ತದೆ ಅಂತ ದುರ್ಗದ ಸಣ್ಣ ಮಕ್ಕಳಿಗೂ ಗೊತ್ತು. 1779ರಲ್ಲಿ ಕೋಟೆ ಹೈದರಾಲಿಯ ಪಾಲಾಯಿತು. ಹೆಸರಿನಲ್ಲೇ ಅಸ್ತಮಾನ ಇದೆ, ಮುಚ್ಚಿಟ್ಟದ್ದು ಏನೂ ಇಲ್ಲ. ಆದರೂ ಪುಟ ತಿರುಗಿಸುವಾಗ, ಈ ಸಲವಾದರೂ ಉಳಿಯಬಹುದೇನೋ ಅನಿಸುತ್ತದೆ. ಆ ಪೆದ್ದು ಆಸೆಯೇ ಅಳಿಸುವುದು. ಬರೆದ ತ.ರಾ.ಸು. ಹುಟ್ಟಿದ್ದು ನಮ್ಮ ಮಲೇಬೆನ್ನೂರಿನಲ್ಲಿ. ತೀರಿಕೊಂಡದ್ದು 1984ರಲ್ಲಿ. ಈ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಇದನ್ನು ಯಾರಿಗೆ ಹೇಳಿದರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ನಾಲ್ಕು ತಿಂಗಳು ಹಿಡಿಯಿತು. ಕೊನೆಯ ಅಧ್ಯಾಯಗಳನ್ನು ಸ್ಟಾಪ್ ಹೆಸರು ಹೇಳುವ ದನಿಯಲ್ಲೇ ಓದಿದೆ. ಜೋರಿಲ್ಲ, ನಡುಕ ಇಲ್ಲ. ಒಂದು ಕಡೆ ಮಾತ್ರ ಕೆರೆ ಏರಿಯ ಅಭ್ಯಾಸ ಕೈಕೊಟ್ಟಿತು. ನಿಲ್ಲಿಸಿ ನೀರು ಕುಡಿದೆ. ಆ ಗ್ಯಾಪ್ ಕತ್ತರಿಸಲು ಮರೆತೆ.

ಹುಡುಗ ಫೋನ್ ಮಾಡಿದ. ಈಗ ಅವನು ಎಂ.ಎ. ಮಾಡುತ್ತಿದ್ದಾನೆ. "ಸರ್, ಕೊನೇ ಭಾಗದಲ್ಲಿ ಒಂದು ಕಡೆ ಸ್ಟೀಲ್ ಲೋಟ ಇಟ್ಟ ಸದ್ದು ಕೇಳಿಸ್ತು."

ಎರಡು ಪಟ್ಟು ಸ್ಪೀಡಲ್ಲೂ ಅದು ಕೇಳಿಸ್ತಾ, ಅಂದೆ.

"ಇಲ್ಲ ಸರ್, ಅಲ್ಲಿ ಸ್ಪೀಡ್ ಕಡಿಮೆ ಮಾಡ್ಕೊಂಡಿದ್ದೆ" ಅಂದ.