ಥಂಡರ್‌ಬರ್ಡ್ ಮತ್ತೆ ಹಾಕಿದ ಮೇಲೆ ಫೋಲ್ಡರ್‌ಗಳು ಕಾಣಿಸ್ತಿಲ್ವಾ?

ಆಲ್ದೂರಿನಿಂದ ಚಿಕ್ಕಪ್ಪ ಫೋನ್ ಮಾಡಿದಾಗ ರಾತ್ರಿ ಒಂಬತ್ತು. "ಮೇಲ್ ತೆರೀತಿರ್ಲಿಲ್ಲ ಅಂತ ಥಂಡರ್‌ಬರ್ಡ್ ತೆಗೆದು ಮತ್ತೆ ಹಾಕಿದೆ ಕಣೋ. ಈಗ ಒಂದು ಫೋಲ್ಡರೂ ಇಲ್ಲ!" ಥಂಡರ್‌ಬರ್ಡ್ ಅಂದರೆ ಕಂಪ್ಯೂಟರಿನಲ್ಲಿ ಮೇಲ್ ನೋಡುವ ಪ್ರೋಗ್ರಾಂ. ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ ಬಂದ ಔಟ್‌ಟರ್ನ್ ವರದಿಗಳನ್ನು, ಅಂದರೆ ಕೊಟ್ಟ ಕಾಫಿಯಿಂದ ಎಷ್ಟು ಬೀಜ ಸಿಕ್ಕಿತು ಎಂಬ ಲೆಕ್ಕವನ್ನು, ಅವರು ವರ್ಷಕ್ಕೊಂದು ಫೋಲ್ಡರ್ ಮಾಡಿ ಇಟ್ಟಿದ್ದರು. ಅರೇಬಿಕಾ ಬೇರೆ, ರೋಬಸ್ಟಾ ಬೇರೆ. "ಏನೂ ಮುಟ್ಬೇಡಿ ಚಿಕ್ಕಪ್ಪ, ಬೆಳಿಗ್ಗೆ ಬರ್ತೀನಿ" ಅಂದೆ.

ಥಂಡರ್‌ಬರ್ಡ್ ತೆಗೆದುಹಾಕಿದರೂ ಮೇಲ್‌ಗಳು ಸಾಮಾನ್ಯವಾಗಿ ಅಳಿಯುವುದಿಲ್ಲ. ಅವು ಇರುವುದು ಪ್ರೊಫೈಲ್ ಎಂಬ ಬೇರೆ ಜಾಗದಲ್ಲಿ. 2019ರ 68ನೇ ಆವೃತ್ತಿಯಿಂದ ಒಂದು ಬದಲಾವಣೆ ಆಗಿದೆ. ಪ್ರೋಗ್ರಾಂ ಬೇರೆ ಜಾಗದಲ್ಲಿ ಇನ್‌ಸ್ಟಾಲ್ ಆದರೆ ಅದು ಹೊಸ ಪ್ರೊಫೈಲ್ ಮಾಡಿಕೊಳ್ಳುತ್ತದೆ. ಮೊದಲು 32 ಬಿಟ್ ಇದ್ದು ಈಗ 64 ಬಿಟ್ ಹಾಕಿದರೂ ಹೀಗಾಗಬಹುದು. ಹಳೆಯದು ಪಕ್ಕದಲ್ಲೇ ಸುಮ್ನೆ ಬಿದ್ದಿರುತ್ತದೆ.

ನಿಮ್ಮ ಖಾತೆ ಐಮ್ಯಾಪ್ ಆಗಿದ್ದರೆ ಹೆಚ್ಚು ಚಿಂತೆಯಿಲ್ಲ. ಮೇಲ್ ಸರ್ವರ್‌ನಲ್ಲೇ ಇರುತ್ತದೆ. ಖಾತೆಯ ಮೇಲೆ ರೈಟ್ ಕ್ಲಿಕ್ ಮಾಡಿ, 'ಸಬ್‌ಸ್ಕ್ರೈಬ್' ಒತ್ತಿ, ಬೇಕಾದ ಫೋಲ್ಡರ್‌ಗಳಿಗೆ ಟಿಕ್ ಹಾಕಿದರೆ ಸಾಕು. ಚಿಕ್ಕಪ್ಪನದು ಪಾಪ್. ತೋಟದ ಮನೆಯಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮೇಲ್ ಎಲ್ಲ ಕಂಪ್ಯೂಟರಿಗೇ ಇಳಿಯಲಿ ಎಂದು ಹಿಂದೆ ನಾನೇ ಹಾಗೆ ಮಾಡಿಕೊಟ್ಟಿದ್ದೆ!

ಪಾಪ್ ಇದ್ದರೆ ಹೀಗೆ ಮಾಡಿ. ಮೊದಲು ಥಂಡರ್‌ಬರ್ಡ್ ಮುಚ್ಚಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಚೌಕದಲ್ಲಿ 'ಆಪ್‌ಡೇಟಾ' ಪದವನ್ನು ಇಂಗ್ಲಿಷಿನಲ್ಲಿ, ಹಿಂದೆ ಮುಂದೆ % ಚಿಹ್ನೆ ಹಾಕಿ, ಜಾಗ ಬಿಡದೆ (%appdata%) ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ಥಂಡರ್‌ಬರ್ಡ್ ಎಂಬ ಫೋಲ್ಡರ್ ಸಿಗುತ್ತದೆ. ಅದನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಎಷ್ಟೇ ಹೊತ್ತು ಹಿಡಿದರೂ ಈ ಕೆಲಸ ಬಿಡಬೇಡಿ.

ಈಗ ಅದರೊಳಗೆ 'ಪ್ರೊಫೈಲ್ಸ್' ತೆರೆಯಿರಿ. ಅರ್ಥವಿಲ್ಲದ ಅಕ್ಷರಗಳಿಂದ ಶುರುವಾಗುವ ಎರಡು ಮೂರು ಫೋಲ್ಡರ್ ಇರುತ್ತವೆ. ಒಂದೊಂದರ ಗಾತ್ರ ನೋಡಿ. ಜಾಸ್ತಿ ತೂಕದ್ದೇ ಹೆಚ್ಚಾಗಿ ನಿಮ್ಮ ಹಳೆಯದು. ಅದರ ಹೆಸರು ಬರೆದುಕೊಳ್ಳಿ.

ನಂತರ ಥಂಡರ್‌ಬರ್ಡ್ ತೆರೆದು 'ಹೆಲ್ಪ್' ಮೆನುವಿನಲ್ಲಿ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್'ಗೆ ಹೋಗಿ. ಅಲ್ಲಿ 'ಪ್ರೊಫೈಲ್ಸ್' ಸಾಲಿನ ಲಿಂಕ್ ಒತ್ತಿ. ಬರೆದುಕೊಂಡ ಹೆಸರನ್ನು ಹುಡುಕಿ, 'ಸೆಟ್ ಆ್ಯಸ್ ಡಿಫಾಲ್ಟ್ ಪ್ರೊಫೈಲ್' ಒತ್ತಿ, ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ. ಪಟ್ಟಿಯಲ್ಲಿ ಹೆಸರೇ ಇಲ್ವಾ? 'ಕ್ರಿಯೇಟ್ ಎ ನ್ಯೂ ಪ್ರೊಫೈಲ್' ಒತ್ತಿ, ಹೊಸ ಫೋಲ್ಡರ್ ಬದಲು ಆ ಹಳೆಯದನ್ನೇ ಆರಿಸಿ.

ಪ್ರೊಫೈಲ್ ತೆರೆಯಲು ಬಿಡದೆ ತಕರಾರು ಮಾಡಿದರೆ, ನೀವು ಹಾಕಿರುವುದು ಮೊದಲಿಗಿಂತ ಹಳೆಯ ಆವೃತ್ತಿ ಇರಬಹುದು. ಹೊಸದನ್ನು ಇಳಿಸಿಕೊಳ್ಳಿ. ಇನ್ನು ವಿಂಡೋಸನ್ನೇ ಮತ್ತೆ ಹಾಕಿಸಿದ್ದರೆ, ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಇದೆಯೇ ನೋಡಿ. ಇದ್ದರೆ ಅದರೊಳಗಿನ ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ ಆ ಥಂಡರ್‌ಬರ್ಡ್ ಫೋಲ್ಡರನ್ನು ಹುಡುಕಿ. ಅದು ಬಹಳ ದಿನ ಉಳಿಯುವುದಿಲ್ಲ, ತಡ ಮಾಡಬೇಡಿ. ಡ್ರೈವ್ ಫಾರ್ಮ್ಯಾಟ್ ಆಗಿದ್ದರೆ ಈ ದಾರಿ ಇಲ್ಲ.

ಚಿಕ್ಕಪ್ಪನ ಫೋಲ್ಡರ್‌ಗಳೆಲ್ಲ ಬಂದವು. ಒಂದು ರೋಬಸ್ಟಾ ಫೋಲ್ಡರ್ ಮಾತ್ರ ಖಾಲಿ. ಇದು ಸೂಚಿ, ಅಂದರೆ ಫೋಲ್ಡರ್‌ನಲ್ಲಿರುವ ಮೇಲ್‌ಗಳ ಪಟ್ಟಿ, ಕೆಟ್ಟಿರುವ ಲಕ್ಷಣ. ಥಂಡರ್‌ಬರ್ಡ್ ಮುಚ್ಚಿ, ಪ್ರೊಫೈಲ್‌ನೊಳಗೆ ಅದೇ ಹೆಸರಿನ, ಕೊನೆಯಲ್ಲಿ 'ಡಾಟ್ ಎಂಎಸ್ಎಫ್' ಇರುವ ಫೈಲನ್ನು ಅಳಿಸಿದೆ. ಮೇಲ್ ಇರುವುದು ಆ ಬಾಲ ಇಲ್ಲದ ಫೈಲಿನಲ್ಲಿ, ಅದನ್ನು ಅಪ್ಪಿತಪ್ಪಿಯೂ ಅಳಿಸಬಾರದು. ಮತ್ತೆ ತೆರೆದಾಗ ಥಂಡರ್‌ಬರ್ಡ್ ಸೂಚಿಯನ್ನು ತಾನೇ ಕಟ್ಟಿಕೊಂಡಿತು. ವರದಿಗಳು ಸಾಲಾಗಿ ಬಂದವು. ಚಿಕ್ಕಪ್ಪ ಕನ್ನಡಕ ಏರಿಸಿ ಒಂದನ್ನು ಓದಿದವರೇ, "ನೋಡು, ಆ ವರ್ಷ ಔಟ್‌ಟರ್ನ್ ಎಷ್ಟು ಕಡಿಮೆ ತೋರಿಸಿದಾರೆ" ಎಂದು ಹಳೆ ಜಗಳ ಶುರು ಮಾಡಿದರು.