ಪುಸ್ತಕ ಬರೆದವರನ್ನು ಮಾತಾಡಿಸುವುದು ಹೇಗೆ?

ಲೇಖಕರೊಬ್ಬರನ್ನು ಸಂದರ್ಶಿಸುವ ಅವಕಾಶ ಸಿಕ್ಕಾಗ ಬಹುತೇಕರು ಬರೆದುಕೊಂಡು ಹೋಗುವ ಪ್ರಶ್ನೆಗಳು ಒಂದೇ ಬಗೆಯವು. ಬರೆಯಲು ಸ್ಫೂರ್ತಿ ಏನು? ದಿನದ ಯಾವ ಹೊತ್ತಿನಲ್ಲಿ ಬರೆಯುತ್ತೀರಿ? ಕಾದಂಬರಿಯ ನಾಯಕಿ ನೀವೇನಾ? ಹೊಸಬರಿಗೆ ಏನು ಹೇಳುತ್ತೀರಿ? ನಾಲ್ಕಾರು ಪುಸ್ತಕ ಬರೆದ ಯಾರೇ ಆಗಲಿ, ಇವಕ್ಕೆ ಎಷ್ಟೋ ಸಲ ಉತ್ತರ ಕೊಟ್ಟಿರುತ್ತಾರೆ. ಉತ್ತರ ಬಾಯಿಪಾಠವಾಗಿಬಿಟ್ಟಿರುತ್ತದೆ. ಕೇಳಿದ ಕೂಡಲೇ ಸರಾಗವಾಗಿ ಬರುತ್ತದೆ, ಅಚ್ಚಿಗೂ ಹೋಗುತ್ತದೆ. ಓದಿದವರಿಗೆ ಮಾತ್ರ ಆ ಪುಸ್ತಕದ ಬಗ್ಗೆ ಹೊಸದೇನೂ ತಿಳಿದಿರುವುದಿಲ್ಲ.

ಬರವಣಿಗೆ ಎಂದರೆ ಒಂದರ ಹಿಂದೆ ಒಂದು ತೀರ್ಮಾನ. ಕಥೆ ಎಲ್ಲಿಂದ ಶುರುವಾಗಬೇಕು, ಯಾರ ಬಾಯಲ್ಲಿ ಬರಬೇಕು, ಯಾವ ಸಂಗತಿಯನ್ನು ತಡವಾಗಿ ಹೇಳಬೇಕು, ಯಾವುದನ್ನು ಹೇಳಲೇಬಾರದು, ಎಲ್ಲಿ ನಿಲ್ಲಿಸಬೇಕು. ಇವುಗಳ ಗುರುತು ಪುಟದ ಮೇಲೆ ಉಳಿದಿರುತ್ತದೆ. ಆ ಗುರುತನ್ನು ತೋರಿಸಿ ಕೇಳಿದಾಗ ಲೇಖಕರು ತಮ್ಮ ಮಾಮೂಲಿ ಉತ್ತರಗಳನ್ನು ಬದಿಗಿಟ್ಟು ನಿಜವಾಗಿ ಯೋಚಿಸತೊಡಗುತ್ತಾರೆ. ಹಾಗಾಗಿ ಇಲ್ಲಿ ಹೇಳುವ ಹಂತಗಳೆಲ್ಲ ಒಂದೇ ಕಡೆಗೆ ಒಯ್ಯುತ್ತವೆ: ಪ್ರಶ್ನೆ ಪುಟದಿಂದ ಹುಟ್ಟಬೇಕು.

ಹಂತ 1: ಎರಡು ಸಲ ಓದಿ

ಮೊದಲ ಓದು ಓದುಗರಾಗಿ. ಕೈಯಲ್ಲಿ ಪೆನ್ಸಿಲ್ ಬೇಡ. ಎಲ್ಲಿ ಬೇಸರ ಬಂತು, ಎಲ್ಲಿ ಗಂಟಲು ಕಟ್ಟಿತು, ಎಲ್ಲಿ ಪುಟ ತಿರುವಿ ಹಿಂದೆ ಹೋಗಬೇಕಾಯಿತು ಎಂಬುದು ನೆನಪಿದ್ದರೆ ಸಾಕು. ಆಮೇಲೆ ಎರಡನೇ ಓದು. ಈಗ ಪೆನ್ಸಿಲ್ ಹಿಡಿಯಿರಿ. ಕಥೆ ಏನಾಗುತ್ತದೆ ಎಂದು ಗೊತ್ತಿರುವುದರಿಂದ ಅದನ್ನು ಹೇಗೆ ಕಟ್ಟಿದ್ದಾರೆ ಎಂಬುದು ಕಾಣಲು ಶುರುವಾಗುತ್ತದೆ.

ಏನನ್ನು ಗುರುತು ಹಾಕಬೇಕು? ಕಾಲ ಜಿಗಿಯುವ ಜಾಗಗಳು. ನಿರೂಪಣೆ 'ನಾನು' ಎಂಬುದರಿಂದ 'ಅವಳು' ಎಂಬುದಕ್ಕೆ ಹೊರಳುವ ಸಾಲು. ಉಳಿದ ಅಧ್ಯಾಯಗಳೆಲ್ಲ ಉದ್ದವಾಗಿದ್ದು, ಒಂದೇ ಒಂದು ಅಧ್ಯಾಯ ಎರಡು ಪುಟಕ್ಕೆ ಮುಗಿದಿದ್ದರೆ ಅದು. ಹೆಸರೇ ಇಲ್ಲದ ಪಾತ್ರ. ಬರಬೇಕಿತ್ತು ಎಂದು ನಾವು ಕಾದು ಕೊನೆಗೂ ಬಾರದ ದೃಶ್ಯ. ಕೊನೆಯದು ಎಲ್ಲಕ್ಕಿಂತ ಬೆಲೆಬಾಳುವಂಥದ್ದು. ತಂದೆ ಮಗಳು ವರ್ಷಗಳ ನಂತರ ಎದುರಾಗುತ್ತಾರೆ ಎಂದು ಇಡೀ ಕಾದಂಬರಿ ನಮ್ಮನ್ನು ಸಿದ್ಧಗೊಳಿಸಿ, ಆ ಭೇಟಿಯನ್ನೇ ಬಿಟ್ಟು ಮುಂದಿನ ದಿನಕ್ಕೆ ಹೋಗಿದ್ದರೆ, ಅಲ್ಲಿ ಲೇಖಕರು ಬಹಳ ಹೊತ್ತು ಒದ್ದಾಡಿದ್ದಾರೆ ಎಂದೇ ತಿಳಿಯಿರಿ.

ಮುನ್ನುಡಿ, ಅರ್ಪಣೆ, ಕೃತಜ್ಞತೆಯ ಪುಟ ಬಿಡಬೇಡಿ. ಯಾರು ಕರಡು ಓದಿದರು, ಯಾವ ಗ್ರಂಥಾಲಯದಲ್ಲಿ ಹುಡುಕಾಟ ನಡೆಯಿತು, ಯಾವ ಅಧ್ಯಾಯ ಮೊದಲು ಪತ್ರಿಕೆಯಲ್ಲಿ ಬಂದಿತ್ತು ಎಂಬ ಸುಳಿವುಗಳು ಅಲ್ಲೇ ಸಿಗುತ್ತವೆ. ಒಂದು ಭಾಗ ಪತ್ರಿಕೆಯಲ್ಲಿ ಬಂದಿದ್ದರೆ ಅದನ್ನು ತರಿಸಿ ಪುಸ್ತಕದ ಪಾಠದ ಜೊತೆ ಹೋಲಿಸಿ. ಬದಲಾದ ಒಂದು ವಾಕ್ಯ ಸಿಕ್ಕರೂ ಒಂದು ಒಳ್ಳೆಯ ಪ್ರಶ್ನೆ ಸಿಕ್ಕಂತೆ.

ಪುಸ್ತಕ ಓದದೆ ಸಂದರ್ಶನಕ್ಕೆ ಹೋಗುವುದನ್ನು ನಾನು ಒಪ್ಪಲಾರೆ. ಸಮಯ ಇಲ್ಲದಿದ್ದರೆ ದಿನಾಂಕ ಮುಂದಕ್ಕೆ ಹಾಕಿಸಿಕೊಳ್ಳಿ.

ಹಂತ 2: ಹಳೆಯ ಮಾತುಕತೆಗಳನ್ನು ಓದಿ

ಅದೇ ಲೇಖಕರ ಹಿಂದಿನ ಸಂದರ್ಶನಗಳನ್ನು ಹುಡುಕಿ ಓದಿ. ಎಲ್ಲದರಲ್ಲೂ ಬರುವ ಕಥೆ ಯಾವುದೋ ಅದನ್ನು ಮತ್ತೆ ಕೇಳಬೇಡಿ. ಪರಿಚಯದ ಟಿಪ್ಪಣಿಯಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡಬಹುದು. ಹತ್ತು ವರ್ಷದ ಹಿಂದೆ ಒಂದು ಹೇಳಿ ಈಗ ಬೇರೆ ಹೇಳುತ್ತಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಸಿಕ್ಕಿಹಾಕಿಸುವ ಉದ್ದೇಶ ಬೇಡ. "ಆಗ ನೀವು ಕಥೆಯ ಅಂತ್ಯ ಗೊತ್ತಿಲ್ಲದೆ ಬರೆಯುವುದೇ ಇಲ್ಲ ಎಂದಿದ್ದಿರಿ. ಈ ಪುಸ್ತಕದಲ್ಲಿ ಅಂತ್ಯ ಮೊದಲೇ ಗೊತ್ತಿತ್ತೇ?" ಎಂದು ಸೌಮ್ಯವಾಗಿ ಕೇಳಿದರೆ ಸಾಕು, ಬರಹಗಾರರು ತಮ್ಮ ಬದಲಾವಣೆಯನ್ನು ತಾವೇ ವಿವರಿಸುತ್ತಾರೆ.

ಹಂತ 3: ಗುರುತುಗಳನ್ನು ಪ್ರಶ್ನೆಯಾಗಿಸಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಪ್ರತಿ ಪ್ರಶ್ನೆಗೂ ಒಂದು ಪರೀಕ್ಷೆ ಇಟ್ಟುಕೊಳ್ಳಿ: ಇದನ್ನು ಬೇರೊಬ್ಬ ಲೇಖಕರಿಗೆ ಹಾಗೇ ಕೇಳಬಹುದೇ? ಕೇಳಬಹುದು ಎಂದಾದರೆ ಆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ.

"ಪಾತ್ರಗಳನ್ನು ಹೇಗೆ ರೂಪಿಸುತ್ತೀರಿ?" ಎಂಬುದನ್ನು ಯಾರಿಗೆ ಬೇಕಾದರೂ ಕೇಳಬಹುದು. ಅದರ ಬದಲು, "ಅಜ್ಜಿ ಮೊದಲ ಮೂರು ಅಧ್ಯಾಯಗಳಲ್ಲಿ ಒಂದು ಮಾತೂ ಆಡುವುದಿಲ್ಲ. ನಾಲ್ಕನೆಯದರಲ್ಲಿ ಆಡುವ ಮೊದಲ ಮಾತೇ ಸುಳ್ಳು. ಮೊದಲ ಕರಡಿನಿಂದಲೂ ಹೀಗೇ ಇತ್ತೇ?" ಎಂದು ಕೇಳಿ. ಇದಕ್ಕೆ ಬಾಯಿಪಾಠದ ಉತ್ತರ ಇರುವುದಿಲ್ಲ. ಪುಸ್ತಕವನ್ನು ಎಷ್ಟು ಹತ್ತಿರದಿಂದ ಓದಿದ್ದೀರಿ ಎಂಬುದೂ ಎದುರಿನವರಿಗೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಕಥೆಯಲ್ಲದ ಪುಸ್ತಕಕ್ಕೂ ಇದೇ ಕ್ರಮ. ಚರಿತ್ರೆಯ ಪುಸ್ತಕವಾದರೆ ಯಾವ ದಾಖಲೆ ಸಿಗಲಿಲ್ಲ, ಸಿಗದಿದ್ದಾಗ ಆ ಖಾಲಿ ಜಾಗವನ್ನು ಹೇಗೆ ದಾಟಿದರು ಎಂದು ಕೇಳಿ. ಆತ್ಮಕಥೆಯಾದರೆ ಬದುಕಿರುವವರ ಬಗ್ಗೆ ಬರೆಯುವಾಗ ಅವರಿಗೆ ಮೊದಲೇ ಓದಲು ಕೊಟ್ಟಿದ್ದರೇ ಎಂದು ಕೇಳಿ. ಕವಿತೆಯಾದರೆ ಸಂಕಲನದ ಅನುಕ್ರಮದ ಬಗ್ಗೆ ಕೇಳಿ. ಯಾವ ಕವಿತೆ ಮೊದಲು ಬರಬೇಕು ಎಂದು ಕವಿಗಳು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ, ಕೇಳುವವರೇ ಇರುವುದಿಲ್ಲ. ಅನುವಾದಕರಿಗೆ ಯಾವ ಪುಟದಲ್ಲಿ ಕೆಲಸ ನಿಂತುಹೋಯಿತು ಎಂದು ಕೇಳಿ.

ಒಂದು ಗಂಟೆಯ ಮಾತಿಗೆ ಎಂಟು ಹತ್ತು ಪ್ರಶ್ನೆ ಧಾರಾಳವಾಯಿತು. ಸುಲಭವಾದ, ಆದರೆ ಪುಸ್ತಕಕ್ಕೆ ಅಂಟಿದ ಒಂದು ಪ್ರಶ್ನೆಯಿಂದ ಶುರು ಮಾಡಿ. ನೋವಿನ ವಿಷಯ, ಟೀಕೆಯ ವಿಷಯ ಮಧ್ಯ ದಾಟಿದ ಮೇಲೆ ಬರಲಿ.

ಹಂತ 4: ಮಾತಿನ ಬಗೆ ಯಾವುದೆಂದು ಮೊದಲೇ ತೀರ್ಮಾನಿಸಿ

ಎದುರು ಕೂತು ಮಾತಾಡುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಆದರೆ ಎಲ್ಲ ಲೇಖಕರಿಗೂ ಅದು ಒಗ್ಗುವುದಿಲ್ಲ, ಅದನ್ನು ಗೌರವಿಸಬೇಕು. ವ್ಲಾದಿಮಿರ್ ನಬೊಕೊವ್ ಪ್ರಶ್ನೆಗಳು ಬರಹದಲ್ಲಿ ಬರಬೇಕು, ಉತ್ತರವನ್ನೂ ಬರೆದೇ ಕೊಡುತ್ತೇನೆ, ಅದು ಅಕ್ಷರಶಃ ಅಚ್ಚಾಗಬೇಕು ಎಂಬ ಷರತ್ತು ಹಾಕುತ್ತಿದ್ದರು. ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ತಾವೇ ಪತ್ರಕರ್ತರಾಗಿದ್ದವರು. ಟೇಪ್ ರೆಕಾರ್ಡರ್ ಓಡುತ್ತಿದೆ ಎಂದು ಗೊತ್ತಾದ ಕೂಡಲೇ ಮನುಷ್ಯನ ಮನೋಭಾವ ಬದಲಾಗುತ್ತದೆ ಎಂದು 1981ರಲ್ಲಿ 'ದಿ ಪ್ಯಾರಿಸ್ ರಿವ್ಯೂ' ಸಾಹಿತ್ಯ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಹೇಳಿದ್ದರು.

ಬರಹದ ಉತ್ತರದಲ್ಲಿ ಖಚಿತತೆ ಹೆಚ್ಚು, ಆದರೆ ಮರುಪ್ರಶ್ನೆಗೆ ಜಾಗವಿಲ್ಲ. ಇಮೇಲ್‌ನಲ್ಲೇ ಮಾಡಬೇಕಾಗಿ ಬಂದರೆ ಎಲ್ಲ ಪ್ರಶ್ನೆಗಳನ್ನು ಒಟ್ಟಿಗೆ ಕಳಿಸದೆ ಮೂರು ಮೂರರಂತೆ ಕಳಿಸಿ. ಮೊದಲ ಕಂತಿನ ಉತ್ತರದಿಂದ ಎರಡನೆಯ ಕಂತಿನ ಪ್ರಶ್ನೆ ಹುಟ್ಟಲಿ.

ಸಮಯ ಕೇಳುವಾಗಲೇ ನಾಲ್ಕು ವಿಷಯ ತಿಳಿಸಿ: ಎಲ್ಲಿ ಪ್ರಕಟವಾಗುತ್ತದೆ, ಎಷ್ಟು ಹೊತ್ತು ಬೇಕು, ಧ್ವನಿ ದಾಖಲಿಸಿಕೊಳ್ಳುತ್ತೀರಾ, ಪ್ರಕಟಣೆಗೆ ಮುಂಚೆ ಪ್ರತಿ ತೋರಿಸುತ್ತೀರಾ. ಆಮೇಲೆ ಬರುವ ಜಗಳಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲಿ ಒಂದನ್ನು ಮೊದಲೇ ಹೇಳದ್ದರಿಂದ ಬರುವಂಥವು.

ಹಂತ 5: ಮಾತು ನಡೆಯುವಾಗ

ಎರಡು ಸಾಧನದಲ್ಲಿ ದಾಖಲಿಸಿ. ಮೊದಲ ಅರ್ಧ ನಿಮಿಷ ದಾಖಲಿಸಿ, ಕೇಳಿ ನೋಡಿ, ಮುಂದುವರಿಯಿರಿ. ಗುರುತು ಹಾಕಿದ ಪುಸ್ತಕ ಮೇಜಿನ ಮೇಲೆ ತೆರೆದೇ ಇರಲಿ. ಪ್ರಶ್ನೆ ಕೇಳುವ ಮೊದಲು ಆ ಎರಡು ಸಾಲುಗಳನ್ನು ಗಟ್ಟಿಯಾಗಿ ಓದಿ. ಎಷ್ಟೋ ಲೇಖಕರು ತಮ್ಮ ಸಾಲನ್ನು ಇನ್ನೊಬ್ಬರ ದನಿಯಲ್ಲಿ ಕೇಳಿ ಬಹಳ ದಿನವಾಗಿರುತ್ತದೆ; ಓದಿದ ಮೇಲೆ ನೀವು ಪ್ರಶ್ನೆ ಕೇಳುವ ಮುಂಚೆಯೇ ಅವರು ಮಾತು ಶುರು ಮಾಡಿದರೆ ತಡೆಯಬೇಡಿ.

ಉತ್ತರ ಮುಗಿದಂತೆ ಕಂಡಾಗ ಕೂಡಲೇ ಮುಂದಿನ ಪ್ರಶ್ನೆಗೆ ಹಾರಬೇಡಿ. ಒಂದೆರಡು ಉಸಿರಿನಷ್ಟು ಹೊತ್ತು ಸುಮ್ಮನಿರಿ. ಯೋಚಿಸಿ ಆಡಿದ ಮಾತು ಸಾಮಾನ್ಯವಾಗಿ ಆ ಮೌನದ ಆಚೆ ಬರುತ್ತದೆ.

ಪಟ್ಟಿಗೆ ಅಂಟಿಕೊಂಡು ಕಿವಿ ಮುಚ್ಚಿಕೊಳ್ಳುವುದು ದೊಡ್ಡ ಅಪಾಯ. 1958ರಲ್ಲಿ 'ದಿ ಪ್ಯಾರಿಸ್ ರಿವ್ಯೂ'ನಲ್ಲಿ ಅಚ್ಚಾದ ಸಂದರ್ಶನಕ್ಕಾಗಿ ಜಾರ್ಜ್ ಪ್ಲಿಂಪ್ಟನ್ ಅರ್ನೆಸ್ಟ್ ಹೆಮಿಂಗ್ವೆಯನ್ನು ಮಾತಾಡಿಸುವಾಗ, ಎಷ್ಟು ಸಲ ತಿದ್ದಿ ಬರೆಯುತ್ತೀರಿ ಎಂಬ ಪ್ರಶ್ನೆಗೆ ಹೆಮಿಂಗ್ವೆ 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಎಂದರು. ಬೇರೆಯವರಾಗಿದ್ದರೆ ಆ ಸಂಖ್ಯೆಯನ್ನು ಮೆಚ್ಚಿಕೊಂಡು ಮುಂದೆ ಹೋಗುತ್ತಿದ್ದರೋ ಏನೋ. ಪ್ಲಿಂಪ್ಟನ್ ಅಲ್ಲೇ ನಿಂತು, ಅಲ್ಲಿ ಏನಾದರೂ ತಾಂತ್ರಿಕ ತೊಡಕಿತ್ತೇ, ಯಾವುದು ಕೈಕೊಟ್ಟಿತು ಎಂದು ಕೇಳಿದರು. ಪದಗಳು ಸರಿಯಾಗಿ ಕೂರಬೇಕಿತ್ತು ಎಂಬ ಅರ್ಥದ ಪುಟ್ಟ ಉತ್ತರ ಬಂತು. ಅರವತ್ತು ವರ್ಷ ಕಳೆದರೂ ಬರಹಗಾರರು ಅದನ್ನು ನೆನೆಯುತ್ತಾರೆ. ಅದು ಸಿಕ್ಕಿದ್ದು ಒಂದು ಸಣ್ಣ ಮರುಪ್ರಶ್ನೆಯಿಂದ.

ಸಭಿಕರ ಮುಂದೆ ನಡೆಯುವ ಸಂವಾದವಾದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಅರ್ಧದಷ್ಟು ಜನ ಪುಸ್ತಕ ಓದಿರುವುದಿಲ್ಲ. ಪ್ರಶ್ನೆಗೆ ಮುನ್ನ ಸಂದರ್ಭವನ್ನು ಎರಡು ವಾಕ್ಯದಲ್ಲಿ ಹೇಳಿ, ಕಥೆಯ ಗುಟ್ಟು ಮಾತ್ರ ಬಿಟ್ಟುಕೊಡಬೇಡಿ.

ಹಂತ 6: ಬರೆದ ಬಗೆಯ ಬಗ್ಗೆ ಕೇಳುವಾಗ ಕರಡು ಕೇಳಿ

ಬರವಣಿಗೆಯ ಪ್ರಕ್ರಿಯೆ ಎಂದ ಕೂಡಲೇ ಪೆನ್ನು, ಮೇಜು, ಬೆಳಗಿನ ಹೊತ್ತು ಎಂದು ಮಾತು ಚದುರುತ್ತದೆ. ಅದು ತಿಳಿಯಲು ಹಿತವೇ, ಆದರೆ ಕೃತಿ ಹುಟ್ಟಿದ ಬಗೆಯನ್ನು ಅದು ಹೇಳುವುದಿಲ್ಲ. ಯಾವ ಭಾಗ ಮೊದಲು ಬರೆದದ್ದು, ಯಾವ ಅಧ್ಯಾಯ ಕಿತ್ತುಹಾಕಿದ್ದು, ಎಲ್ಲಿ ತಿಂಗಳುಗಟ್ಟಲೆ ನಿಂತದ್ದು, ಸಂಪಾದಕರು ಏನನ್ನು ತೆಗೆಯಲು ಹೇಳಿದರು, ಯಾವುದನ್ನು ಅವರ ಮಾತಿಗೂ ಬಗ್ಗದೆ ಉಳಿಸಿಕೊಂಡರು ಎಂದು ಕೇಳಿ. ಒಪ್ಪಿದರೆ ಕರಡಿನ ಒಂದು ಹಾಳೆ ತೋರಿಸಲು ವಿನಂತಿಸಿ. ಹೊಡೆದು ಹಾಕಿದ ಸಾಲುಗಳು ಎದುರಿಗಿದ್ದರೆ ಲೇಖಕರ ನೆನಪು ಅಚ್ಚರಿಪಡುವಷ್ಟು ಚುರುಕಾಗುತ್ತದೆ.

ಕರಡಿಗೆ ಇನ್ನೊಂದು ಉಪಯೋಗವೂ ಇದೆ. ಹೆಮಿಂಗ್ವೆಯ ಹಸ್ತಪ್ರತಿಗಳು ಬಾಸ್ಟನ್‌ನ ಜಾನ್ ಎಫ್. ಕೆನಡಿ ಗ್ರಂಥಾಲಯದಲ್ಲಿವೆ. 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಗೆ ಅವರು ಬರೆದ ಅಂತ್ಯಗಳನ್ನೆಲ್ಲ ಸೇರಿಸಿ 2012ರಲ್ಲಿ ಹೊಸ ಆವೃತ್ತಿ ಬಂದಾಗ ಲೆಕ್ಕಕ್ಕೆ ಸಿಕ್ಕಿದ್ದು 47. ಲೇಖಕರು ಹೇಳಿದ್ದು 39. ಇಲ್ಲಿ ಯಾರೂ ಸುಳ್ಳು ಹೇಳಬೇಕಿಲ್ಲ. ಕಾದಂಬರಿ ಬಂದದ್ದು 1929ರಲ್ಲಿ, ಮಾತು ನಡೆದದ್ದು ಸುಮಾರು ಮೂರು ದಶಕದ ನಂತರ. ಬರೆದು ಮುಗಿದ ಮೇಲೆ ಬರೆದ ಬಗೆಯ ಕಥೆಯನ್ನೂ ಮನಸ್ಸು ಕಟ್ಟಿಕೊಳ್ಳುತ್ತದೆ, ಕ್ರಮೇಣ ಅದು ನುಣುಪಾಗುತ್ತದೆ. ಆದ್ದರಿಂದ ಲೇಖಕರ ಮಾತನ್ನು ಗೌರವದಿಂದ ದಾಖಲಿಸಿ, ಜೊತೆಗೆ ದಿನಾಂಕ, ಹಳೆಯ ಪ್ರಕಟಣೆ, ಕರಡು ಏನು ಹೇಳುತ್ತವೆ ಎಂದೂ ನೋಡಿ. ವ್ಯತ್ಯಾಸ ಕಂಡರೆ ಅವರಿಗೇ ತಿಳಿಸಿ ಕೇಳಿ.

ಹಂತ 7: ಬರಹಕ್ಕಿಳಿಸಿ, ತಿದ್ದಿ

ಒಂದು ಗಂಟೆಯ ಧ್ವನಿಯನ್ನು ಕೇಳಿ ಬರೆದುಕೊಳ್ಳಲು ಸಾಮಾನ್ಯವಾಗಿ ನಾಲ್ಕು ಗಂಟೆಯಾದರೂ ಬೇಕು. ಯಂತ್ರದಿಂದ ಮಾಡಿಸಿದರೂ ಧ್ವನಿಯ ಜೊತೆ ಒಮ್ಮೆ ಪೂರ್ತಿ ಹೋಲಿಸಲೇಬೇಕು. ಹೆಸರುಗಳು ಮತ್ತು ಊರಿನ ಆಡುಮಾತು ಅಲ್ಲಿ ಹೆಚ್ಚಾಗಿ ಕೆಡುತ್ತವೆ.

ಆಮೇಲೆ ಸಂಪಾದನೆ. ಪುನರುಕ್ತಿ ತೆಗೆಯಬಹುದು, ಅರ್ಧಕ್ಕೆ ನಿಂತ ವಾಕ್ಯ ಬಿಡಬಹುದು, ಒಂದೇ ವಿಷಯದ ಮಾತುಗಳನ್ನು ಹತ್ತಿರಕ್ಕೆ ತರಬಹುದು. ಆಡದ ಮಾತನ್ನು ಸೇರಿಸಬಾರದು. ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದು ಪ್ರಶ್ನೆಯ ಕೆಳಗೆ ಇಡಬಾರದು. ಮಾತಿನ ಲಯವನ್ನು ಪಠ್ಯಪುಸ್ತಕದ ಭಾಷೆಗೆ ತಿರುಗಿಸಲೂಬಾರದು. ಲೇಖಕರು ಬಳಸಿದ ಪದವೇ ಅವರ ಗುರುತು.

ಧ್ವನಿಮುದ್ರಣ ಇಲ್ಲದ ಕಾಲದಲ್ಲಿ ಯೊಹಾನ್ ಪೀಟರ್ ಎಕರ್‌ಮನ್ 1823ರಿಂದ ಜರ್ಮನ್ ಕವಿ ಗಯಟೆಯ ಮಾತುಗಳನ್ನು ಟಿಪ್ಪಣಿ ಮತ್ತು ನೆನಪಿನ ಬಲದಿಂದ ಬರೆದಿಟ್ಟರು. 1836ರಲ್ಲಿ ಅವು ಪುಸ್ತಕವಾಗಿ ಬಂದವು. ಅದು ಜಗತ್ತಿನ ಶ್ರೇಷ್ಠ ಸಾಹಿತ್ಯ ಸಂವಾದಗಳಲ್ಲಿ ಒಂದು. ಆದರೂ ಅದರಲ್ಲಿ ಗಯಟೆ ಎಷ್ಟು, ಎಕರ್‌ಮನ್ ಎಷ್ಟು ಎಂದು ವಿದ್ವಾಂಸರು ಚರ್ಚಿಸುತ್ತಲೇ ಬಂದಿದ್ದಾರೆ. ನಮ್ಮ ಕೈಯಲ್ಲಿ ರೆಕಾರ್ಡರ್ ಇರುವಾಗ ಆ ಅನುಮಾನಕ್ಕೆ ಎಡೆ ಕೊಡಬೇಕಾಗಿಲ್ಲ.

ಪ್ರತಿಯನ್ನು ಲೇಖಕರಿಗೆ ತೋರಿಸಬೇಕೇ? ಸುದ್ದಿ ಸಂದರ್ಶನದಲ್ಲಿ ತೋರಿಸದಿರುವುದೇ ವಾಡಿಕೆ, ಅದಕ್ಕೆ ಸಕಾರಣವೂ ಇದೆ. ಸಾಹಿತ್ಯದ ಮಾತು ಬೇರೆ ಎಂದು ನನ್ನ ನಿಲುವು. 1953ರಲ್ಲಿ ಇ. ಎಂ. ಫಾರ್ಸ್ಟರ್ ಅವರ ಸಂದರ್ಶನದೊಂದಿಗೆ ಆರಂಭವಾದ 'ದಿ ಪ್ಯಾರಿಸ್ ರಿವ್ಯೂ' ಸರಣಿಯಲ್ಲಿ ಪ್ರತಿಯನ್ನು ನೋಡಿ ತಿದ್ದುವ ಅವಕಾಶವನ್ನು ಲೇಖಕರಿಗೆ ಕೊಡುತ್ತಾ ಬಂದಿದ್ದಾರೆ. ಬರವಣಿಗೆಯ ಬಗ್ಗೆ ಖಚಿತವಾಗಿ ಹೇಳಲು ಎರಡನೆಯ ಅವಕಾಶ ಸಿಕ್ಕರೆ ಓದುಗರಿಗೇ ಲಾಭ. ಆದರೆ ಗಡಿ ಹಾಕಿ: ತಪ್ಪು ಸರಿಪಡಿಸಬಹುದು, ಅಸ್ಪಷ್ಟವಾದದ್ದನ್ನು ವಿವರಿಸಬಹುದು; ಇಡೀ ಉತ್ತರ ಕಿತ್ತುಹಾಕುವುದಾದರೆ ಮಾತಾಡಿ ತೀರ್ಮಾನಿಸೋಣ ಎಂದು ಮೊದಲೇ ಹೇಳಿ. ತಿದ್ದಿಕೊಡಲು ಒಂದು ದಿನಾಂಕವನ್ನೂ ಕೊಡಿ.

ಪರಿಚಯದ ಟಿಪ್ಪಣಿ ಎಲ್ಲಕ್ಕಿಂತ ಕೊನೆಗೆ ಬರೆಯಿರಿ. ಪ್ರಶಸ್ತಿಗಳ ಪಟ್ಟಿ ಬೇಡ. ಪುಸ್ತಕ ಯಾವುದು, ಯಾವ ವರ್ಷದ್ದು, ಮಾತು ಯಾವಾಗ, ಎದುರಿಗೋ ಫೋನಿನಲ್ಲೋ ಬರಹದಲ್ಲೋ, ಲೇಖಕರು ಪ್ರತಿ ನೋಡಿದ್ದಾರೆಯೇ ಎಂಬಷ್ಟು ಇರಲಿ. ಮೂಲ ಧ್ವನಿಯನ್ನು ಅಳಿಸದೆ, ಲೇಖಕರ ಹೆಸರು ಮತ್ತು ದಿನಾಂಕ ಕಡತದ ಹೆಸರಿನಲ್ಲೇ ಬರುವಂತೆ ಎರಡು ಕಡೆ ಉಳಿಸಿಡಿ. ಮುಂದೆ ಆ ಪುಸ್ತಕದ ಮೇಲೆ ಸಂಶೋಧನೆ ಮಾಡುವವರು ನಿಮ್ಮ ಅಚ್ಚಾದ ಪ್ರತಿಯ ಜೊತೆಗೆ ಅದನ್ನೂ ಕೇಳುತ್ತಾರೆ.