ಬಟ್ಟಲಿನ ಮೊದಲ ಏಟನ್ನು ಕತ್ತರಿಸಿದಾಗ

ಅಡುಗೆಮನೆಯ ಬಟ್ಟಲಿನ ಸದ್ದನ್ನು ಹಾಡಿನಲ್ಲಿ ವಾದ್ಯದ ಹಾಗೆ ಬಳಸಬೇಕು ಅಂತ ನನ್ನ ಆಸೆ. ಅದಕ್ಕೆ ತುಂಬಾ ದಿನ ಸ್ಯಾಂಪಲ್‌ಗೆ, ಅಂದರೆ ರೆಕಾರ್ಡ್ ಮಾಡಿದ ಸದ್ದಿನ ತುಣುಕಿಗೆ, ಎಫೆಕ್ಟ್ ಮೇಲೆ ಎಫೆಕ್ಟ್ ಹಾಕುತ್ತಿದ್ದೆ. ರಿವರ್ಬ್, ಡಿಲೇ, ಡಿಸ್ಟಾರ್ಷನ್. ಎಷ್ಟು ಹಾಕಿದರೂ ಬಟ್ಟಲು ಬಟ್ಟಲಿನ ಹಾಗೆಯೇ ಕೇಳಿಸುತ್ತಿತ್ತು.

ಒಂದು ದಿನ ಸ್ಟೀಲ್ ಬಟ್ಟಲಿಗೆ ಚಮಚದಿಂದ ಬಡಿದು ರೆಕಾರ್ಡ್ ಮಾಡಿದ್ದೆ. ಸುಮಾರು 3 ಸೆಕೆಂಡಿನ ನಾದ. ಅದರ ಮೊದಲ 80 ಮಿಲಿಸೆಕೆಂಡ್ ಕತ್ತರಿಸಿ ನೋಡಿದೆ. ಬಡಿದ ಸದ್ದು ಹೋಯಿತು, ಬಟ್ಟಲೂ ಹೋಯಿತು! ಉಳಿದದ್ದು ಯಾರೋ ಊದುತ್ತಿರುವ ಹಾಗಿತ್ತು. ಯಾವ ವಾದ್ಯ ಅಂತ ನಮ್ಮ ಕಿವಿ ಹೆಚ್ಚಾಗಿ ಗುರುತಿಸುವುದು ಆ ಶುರುವಿನ ಏಟಿನಿಂದಲೇ. ರೆಕಾರ್ಡ್ ಮಾಡಿದ ಸದ್ದುಗಳಿಂದಲೇ ಸಂಗೀತ ಕಟ್ಟಿದ ಪಿಯೆರ್ ಶೆಫರ್ ಪ್ಯಾರಿಸ್‌ನಲ್ಲಿ 1948ರಲ್ಲೇ ಗಂಟೆಯ ಏಟನ್ನು ಬಿಟ್ಟು ಬರೀ ನಾದವನ್ನು ಕೇಳಿ ಇದನ್ನು ಕಂಡುಕೊಂಡಿದ್ದರು. ಅದೂ ಗ್ರಾಮಫೋನ್ ತಟ್ಟೆಗಳ ಮೇಲೆ. ನೆನೆದರೆ ಈಗಲೂ ಬೆರಗಾಗುತ್ತದೆ.

ಕತ್ತರಿಸಿದ ಜಾಗದಲ್ಲಿ 'ಟಿಕ್' ಅನ್ನುತ್ತಿತ್ತು. ಸದ್ದು ಒಮ್ಮೆಲೇ ಶುರುವಾಗದೆ ಮೆಲ್ಲಗೆ ಏರುವ ಹಾಗೆ 5 ಮಿಲಿಸೆಕೆಂಡ್ ಫೇಡ್ ಕೊಟ್ಟೆ, ನಿಂತಿತು. ಆಮೇಲೆ 40ಕ್ಕೆ ಏರಿಸಿದೆ, ಉಸಿರು ಬಂದಂತಾಯಿತು.

ಮುಂದೆ ಸದ್ದನ್ನು ಎರಡು ಆಕ್ಟೇವ್ (ಸ್ಥಾಯಿ) ಕೆಳಗಿಳಿಸಿದೆ. ಉದ್ದವನ್ನೂ ಶ್ರುತಿಯನ್ನೂ ಬೇರೆಬೇರೆಯಾಗಿ ಬದಲಿಸುವ ಟೈಮ್ ಸ್ಟ್ರೆಚ್ ಬಳಸಲಿಲ್ಲ, ವೇಗವನ್ನೇ ಕಾಲು ಭಾಗಕ್ಕೆ ತಗ್ಗಿಸಿದೆ. ಹಾಗಾಗಿ ನಾದ ನಾಲ್ಕು ಪಟ್ಟು ಉದ್ದವಾಯಿತು. ಆದರೆ ಕಂಬಳಿ ಹೊದಿಸಿದ ಹಾಗೆ ಮಂಕು. ಕಾರಣ ಸರಳ: 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು, ರೆಕಾರ್ಡ್ ಮಾಡಿದ್ದೆ. ಅದರಲ್ಲಿ ಸಿಗುವುದು ಅದರ ಅರ್ಧ, 22 ಕಿಲೋಹರ್ಟ್ಸ್‌ವರೆಗಿನ ಸದ್ದು. ಒಂದೊಂದು ಆಕ್ಟೇವ್ ಇಳಿದಾಗಲೂ ಅದು ಅರ್ಧವಾಗುತ್ತದೆ, ಎರಡು ಇಳಿದರೆ ಬರೀ 5.5. ಮತ್ತೆ 96 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದೆ, ಹೊಳಪು ಉಳಿಯಿತು. ಮೈಕ್ ಕೂಡ ಅಷ್ಟು ಮೇಲಿನ ಸದ್ದನ್ನು ಹಿಡಿಯಬೇಕು, ಇಲ್ಲದಿದ್ದರೆ ಸುಮ್ನೆ ಫೈಲ್ ದೊಡ್ಡದಾಗುತ್ತದೆ ಅಷ್ಟೇ.

ಶ್ರುತಿ ಕೂಡಿಸುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಬಟ್ಟಲಿನ ಮೇಲ್ಸ್ವರಗಳು, ಅಂದರೆ ಮುಖ್ಯ ಸ್ವರದ ಜೊತೆಗೇ ಮೇಲೆ ಕೇಳಿಸುವ ಸ್ವರಗಳು, ತಂತಿಯ ಮೇಲ್ಸ್ವರಗಳ ಹಾಗೆ ಲೆಕ್ಕಕ್ಕೆ ಸಿಗುವುದಿಲ್ಲ. ಹಲವು ಸ್ವರಗಳನ್ನು ಒಟ್ಟಿಗೆ, ಕಾರ್ಡ್ ಆಗಿ ನುಡಿಸಿದರೆ ಒಂದಕ್ಕೊಂದು ಕಚ್ಚಾಡುತ್ತವೆ. ಸದ್ದಿನಲ್ಲಿ ಯಾವ ಸ್ವರ ಎಷ್ಟಿದೆ ಅಂತ ತೋರಿಸುವ ಅನಲೈಸರ್‌ನಲ್ಲಿ ಎಲ್ಲಕ್ಕಿಂತ ಜೋರಾಗಿದ್ದ ಸ್ವರವನ್ನು ಹಿಡಿದು, ಅದನ್ನು ಹಾಡಿನ ಶ್ರುತಿಗೆ ತಂದೆ. ಕಿವಿಗೆ ಚುಚ್ಚುತ್ತಿದ್ದ ಎರಡು ಮೇಲ್ಸ್ವರಗಳನ್ನು ಈಕ್ಯೂನಲ್ಲಿ (ಈಕ್ವಲೈಸರ್) ತಗ್ಗಿಸಿದೆ. ಆದರೂ ಕಾರ್ಡ್ ಒಪ್ಪಲಿಲ್ಲ. ಒಂದೊಂದೇ ಸ್ವರ ನುಡಿಸಿದೆ. ನನ್ನ ಪ್ರಕಾರ ಇಂಥ ಸದ್ದಿಗೆ ಅದೇ ಚೆಂದ.

ಕತ್ತರಿಸಿ ತೆಗೆದ ಆ 80 ಮಿಲಿಸೆಕೆಂಡನ್ನು ಎಸೆಯಲಿಲ್ಲ. ಅದರ ಕೆಳಗಿನ ಸ್ಥಾಯಿಯ ಸದ್ದನ್ನೆಲ್ಲ ಫಿಲ್ಟರ್ ಮಾಡಿ ತೆಗೆದು, ತಾಳಕ್ಕೆ ಬಡಿಯುವ ಡ್ರಮ್ ಸೆಟ್ಟಿನ ತಟ್ಟೆ ಹೈಹ್ಯಾಟ್‌ನ ಜಾಗದಲ್ಲಿ ಇಟ್ಟೆ. ಏಟು, ನಾದ ಎರಡೂ ಒಂದೇ ಬಟ್ಟಲಿನವು ಅಲ್ವಾ, ಮಿಕ್ಸ್‌ನಲ್ಲಿ ತಾವಾಗಿಯೇ ಹೊಂದಿಕೊಂಡವು.